ಹದಿನಾರು ಚೌಕದೊಳಗೆ ನಮ್ಮ ತಾಳ ಕೂರುವುದಿಲ್ಲವೇ? ಬೀಟ್ ಆ್ಯಪ್‌ಗಳ ಬಗ್ಗೆ ನಿಜ ಏನು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಭಜನಾ ಮಂಡಳಿಯ ಅಥವಾ ಯಕ್ಷಗಾನ ಪ್ರಿಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೀವಿದ್ದರೆ ಎರಡು ಬಗೆಯ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಮೊದಲನೆಯದು, ‘ಈ ಆ್ಯಪ್ ಇದ್ದರೆ ಚೆಂಡೆ, ಮದ್ದಳೆ, ತಬಲಾದವರು ಬೇಡ, ಎಲ್ಲವನ್ನೂ ಎಐ ತಾನೇ ಬಾರಿಸುತ್ತದೆ’. ಎರಡನೆಯದು, ‘ಕಂಪ್ಯೂಟರಿಗೆ ಗೊತ್ತಿರುವುದು ವಿದೇಶಿ ನಾಲ್ಕರ ಲೆಕ್ಕ ಮಾತ್ರ, ನಮ್ಮ ತಾಳ ಅದರಲ್ಲಿ ಕೂರುವುದಿಲ್ಲ’.

ಎರಡೂ ತಪ್ಪು. ಇದು ಬರೀ ವಾದದ ವಿಷಯವೂ ಅಲ್ಲ. ಮೊಬೈಲಿನಲ್ಲಿ ಮಾಡಿದ ತಾಳದ ಟ್ರ್ಯಾಕ್ ಹಾಕಿಕೊಂಡು ಕುಣಿತ ಭಜನೆ ಅಭ್ಯಾಸ ಮಾಡುವ ಮಕ್ಕಳಿದ್ದಾರೆ. ಟ್ರ್ಯಾಕ್ ತಪ್ಪಿದ್ದರೆ ಅವರ ಕಿವಿಗೂ ಕಾಲಿಗೂ ಆ ತಪ್ಪೇ ರೂಢಿಯಾಗುತ್ತದೆ. ಆಮೇಲೆ ಗುರುಗಳು ಎಷ್ಟು ತಿದ್ದಿದರೂ ಹೋಗುವುದು ಕಷ್ಟ.

ಏನಿದು ಸ್ಟೆಪ್ ಸೀಕ್ವೆನ್ಸರ್?

ಬೀಟ್ ಮಾಡುವ ಆ್ಯಪ್ ತೆರೆದಾಗ ಸಾಲುಸಾಲು ಚೌಕಗಳು ಕಾಣುತ್ತವಲ್ಲ, ಅದೇ ಸ್ಟೆಪ್ ಸೀಕ್ವೆನ್ಸರ್. ಒಂದು ಸಾಲು ಒಂದು ವಾದ್ಯಕ್ಕೆ, ಒಂದು ಚೌಕ ಒಂದು ಕ್ಷಣಕ್ಕೆ. ನೀವು ಒತ್ತಿದ ಚೌಕ ಬೆಳಗುತ್ತದೆ. ಆ್ಯಪ್ ಎಡದಿಂದ ಬಲಕ್ಕೆ ಒಂದೊಂದೇ ಚೌಕ ದಾಟುತ್ತಾ, ಬೆಳಗಿದ ಚೌಕ ಬಂದಾಗ ಮಾತ್ರ ಆ ವಾದ್ಯವನ್ನು ನುಡಿಸುತ್ತದೆ. ಕೊನೆ ಮುಟ್ಟಿದ ಮೇಲೆ ಪುನಃ ಮೊದಲಿನಿಂದ ಶುರು.

ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ಅಲ್ ಜಝರಿ ಎಂಬ ತಂತ್ರಜ್ಞ 1206ರಲ್ಲಿ ಬರೆದು ಮುಗಿಸಿದ ಪುಸ್ತಕದಲ್ಲಿ ದೋಣಿಯಲ್ಲಿ ಕೂತು ಡೋಲು ಬಾರಿಸುವ ಯಂತ್ರಗೊಂಬೆಗಳ ವಿವರಣೆ ಇದೆ. ತಿರುಗುವ ಅಚ್ಚಿನ ಮೇಲಿನ ಗೂಟಗಳು ಸನ್ನೆಗಳನ್ನು ತಳ್ಳಿದಾಗ ಗೊಂಬೆಯ ಕೈ ಆಡುತ್ತದೆ. ಇಂದಿನ ಚೌಕ ಅಂದಿನ ಗೂಟದ ಕೆಲಸವನ್ನೇ ಮಾಡುತ್ತದೆ. ಈಗ ಕೆಲವು ಆ್ಯಪ್‌ಗಳಲ್ಲಿ ಎಐ ಸೌಲಭ್ಯವೂ ಇರುವುದು ನಿಜ, ಆದರೆ ಅದು ಬೇರೆಯೇ ಸಂಗತಿ. ಚೌಕದ ಸಾಲು ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ.

ಹದಿನಾರೇ ಯಾಕೆ?

ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ತಾಳಯಂತ್ರದಲ್ಲಿ ಸಾಲಾಗಿ 16 ಗುಂಡಿಗಳಿದ್ದವು. ಆ ಯಂತ್ರ ಜಗತ್ತಿನಾದ್ಯಂತ ಹೆಸರು ಮಾಡಿತು. ನಮ್ಮ ದೇಶದಲ್ಲೂ ಸಂಗೀತಗಾರ ಚರಣ್‌ಜಿತ್ ಸಿಂಗ್ 1980ರ ದಶಕದ ಆರಂಭದಲ್ಲಿಯೇ ಅದನ್ನು ರಾಗಗಳ ಜೊತೆ ಬಳಸಿದ್ದರು. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಬಂದು ಮುಂದೆ ಎಫ್‌ಎಲ್ ಸ್ಟುಡಿಯೋ ಆದ ಸಾಫ್ಟ್‌ವೇರ್‌ನಲ್ಲೂ ತೆರೆದ ಕೂಡಲೇ ಕಾಣುವುದು 16 ಚೌಕಗಳೇ.

ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ನಾಲ್ಕು ಪೆಟ್ಟಿನ ಸುತ್ತು ಹೆಚ್ಚು. ಒಂದು ಪೆಟ್ಟನ್ನು ನಾಲ್ಕು ಭಾಗ ಮಾಡಿದರೆ 16. ಆದರೆ ಇದು ಆ್ಯಪ್‌ನ ಮಿತಿಯಲ್ಲ, ತೆರೆದಾಗ ಇರುವ ಸೆಟ್ಟಿಂಗ್ ಅಷ್ಟೇ. ಹೆಚ್ಚಿನ ಆ್ಯಪ್‌ಗಳಲ್ಲಿ ‘ಸ್ಟೆಪ್ಸ್’, ‘ಲೆಂಗ್ತ್’ ಅಥವಾ ‘ಸೈಜ್’ ಎಂಬ ಜಾಗದಲ್ಲಿ ಅದನ್ನು ಬದಲಿಸಬಹುದು. ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಹೈಡ್ರೋಜನ್ ಎಂಬ ಸಾಫ್ಟ್‌ವೇರ್‌ನಲ್ಲೂ ಇದು ಸಾಧ್ಯ.

ನಮ್ಮ ತಾಳಕ್ಕೆ ಎಷ್ಟು ಚೌಕ?

ಒಂದು ಅಕ್ಷರಕ್ಕೆ ಎರಡು ಚೌಕ ಎಂದು ಇಟ್ಟುಕೊಳ್ಳಿ.

• ಏಕ ತಾಳ, 4 ಅಕ್ಷರ: 8 ಚೌಕ
• ರೂಪಕ, 6 ಅಕ್ಷರ: 12 ಚೌಕ
• ತ್ರಿವುಡೆ, 7 ಅಕ್ಷರ: 14 ಚೌಕ
• ಆದಿ, 8 ಅಕ್ಷರ: 16 ಚೌಕ
• ಝಂಪೆ, 10 ಅಕ್ಷರ: 20 ಚೌಕ

ಆದಿ ತಾಳ 16ರಲ್ಲಿ ಸರಿಯಾಗಿ ಕೂರುತ್ತದೆ. ಹಾಗಾಗಿ ಆದಿ ತಾಳದ ಹಾಡು ಮಾಡಿದವರಿಗೆ ತೊಂದರೆ ಗೊತ್ತೇ ಆಗುವುದಿಲ್ಲ. ತ್ರಿವುಡೆಗೆ ಬಂದಾಗ ಎಡವಟ್ಟು ಶುರುವಾಗುತ್ತದೆ. 14 ಚೌಕ ತುಂಬಿಸಿ ಕೊನೆಯ ಎರಡನ್ನು ಖಾಲಿ ಬಿಟ್ಟರೆ ಆ ಖಾಲಿ ಚೌಕಗಳಿಗೂ ಸಮಯ ಹೋಗುತ್ತದೆ. ಅಲ್ಲಿಗೆ ಏಳು ಅಕ್ಷರದ ತಾಳ ಎಂಟು ಅಕ್ಷರದ್ದಾಯಿತು.

ಇನ್ನೊಂದು ಎಡವಟ್ಟೂ ಇದೆ. ಕೆಲವು ಆ್ಯಪ್‌ಗಳಲ್ಲಿ ಒಂದೊಂದು ಸಾಲಿಗೂ ಬೇರೆ ಬೇರೆ ಉದ್ದ ಇಡಬಹುದು. ಮದ್ದಳೆಯ ಸಾಲು 14, ತಾಳದ ಸಾಲು ಮರೆತು 16 ಆಗಿದ್ದರೆ ಎರಡೂ ಒಟ್ಟಿಗೆ ಶುರುವಾಗಿ ಎರಡನೇ ಸುತ್ತಿನಲ್ಲೇ ಬೇರೆಯಾಗುತ್ತವೆ. ಮತ್ತೆ ಒಟ್ಟಿಗೆ ಸೇರುವುದು 112 ಚೌಕ ಕಳೆದ ಮೇಲೆ, ಅಂದರೆ ಮದ್ದಳೆ ಎಂಟು ಸುತ್ತು, ತಾಳ ಏಳು ಸುತ್ತು ಮುಗಿಸಿದಾಗ. ಅಲ್ಲಿಯವರೆಗೆ ಕೇಳುವವರಿಗೆ ಬರೀ ಗೊಂದಲ.

ತ್ರಿವುಡೆ ಹಾಕುವ ಕ್ರಮ

1. ಮೊದಲು ಉದ್ದವನ್ನು 14ಕ್ಕೆ ಇಳಿಸಿ. ಎಲ್ಲ ಸಾಲುಗಳೂ ಅಷ್ಟೇ ಇವೆಯೇ ನೋಡಿ.

2. ‘ತಕಿಟ ತಕ ಧಿಮಿ’ ಎಂದು ಬಾಯಲ್ಲಿ ಹೇಳಿಕೊಳ್ಳಿ. ಮೂರು, ಎರಡು, ಎರಡು, ಒಟ್ಟು ಏಳು. ಈ ಏಳು ಅಕ್ಷರಗಳು 1, 3, 5, 7, 9, 11, 13ನೇ ಚೌಕಗಳಲ್ಲಿ ಬರುತ್ತವೆ.

3. ಪ್ರತಿ ಭಾಗ ಶುರುವಾಗುವ 1, 7, 11ನೇ ಚೌಕಗಳ ಪೆಟ್ಟು ಜೋರಾಗಿರಲಿ. ಇದಕ್ಕೆ ಆ್ಯಪ್‌ನಲ್ಲಿ ‘ವೆಲಾಸಿಟಿ’ ಎಂಬ ಸೌಲಭ್ಯ ಇರುತ್ತದೆ. ಸಾಮಾನ್ಯವಾಗಿ 1ರಿಂದ 127ರವರೆಗೆ ಅಳತೆ. ಎಲ್ಲ ಪೆಟ್ಟೂ ಒಂದೇ ಜೋರಿನಲ್ಲಿದ್ದರೆ ತಾಳದ ರೂಪವೇ ಕಾಣುವುದಿಲ್ಲ.

4. ವೇಗ ನೋಡಿಕೊಳ್ಳಿ. ಆ್ಯಪ್ ಸಾಮಾನ್ಯವಾಗಿ ನಾಲ್ಕು ಚೌಕವನ್ನು ಒಂದು ಬೀಟ್ ಎಂದು ಎಣಿಸುತ್ತದೆ. ನಿಮ್ಮದು ಅಕ್ಷರಕ್ಕೆ ಎರಡೇ ಚೌಕ. ಹಾಗಾಗಿ ನಿಮಿಷಕ್ಕೆ 120 ಅಕ್ಷರ ಬೇಕಾದರೆ ಬಿಪಿಎಂ 60 ಇಡಬೇಕು. 120 ಇಟ್ಟರೆ ಎರಡು ಪಟ್ಟು ವೇಗವಾಗುತ್ತದೆ.

5. ಕೊನೆಗೆ ಆ್ಯಪ್ ನುಡಿಯುತ್ತಿರುವಾಗ ಕೈಯಲ್ಲಿ ತಾಳ ಹಾಕಿ ನೋಡಿ. ಹತ್ತು ಸುತ್ತಿನ ನಂತರವೂ ಮೊದಲ ಪೆಟ್ಟಿಗೆ ಕೈ ಸರಿಯಾಗಿ ಬಿದ್ದರೆ ಲೆಕ್ಕ ಸರಿ ಇದೆ.

ಹಾಗಾದರೆ ಕಲಾವಿದರು ಬೇಡವೇ?

ಲೆಕ್ಕ ಕೂತಿತು ಎಂದ ಮಾತ್ರಕ್ಕೆ ಮೇಳ ಕೂತಂತೆ ಅಲ್ಲ. ಧರ್ಮಸ್ಥಳ ಮೇಳದ ಆಟವನ್ನೇ ನೆನಪು ಮಾಡಿಕೊಳ್ಳಿ. ತೆಂಕುತಿಟ್ಟಿನಲ್ಲಿ ಭಾಗವತರು ಜಾಗಟೆ ಹಿಡಿದು ಪದ ಹೇಳುತ್ತಾರೆ. ಚೆಂಡೆ, ಮದ್ದಳೆಯವರು ಅವರ ಪದವನ್ನು ಕೇಳುತ್ತಾರೆ, ವೇಷದ ಕಾಲನ್ನೂ ನೋಡುತ್ತಾರೆ. ವೇಷಧಾರಿ ಇನ್ನೆರಡು ಸುತ್ತು ಕುಣಿದರೆ ಕೈಯೂ ಮುಂದುವರಿಯುತ್ತದೆ. ಕಾಲ ಏರಿದರೆ ಕೈಯೂ ಏರುತ್ತದೆ.

ಚೌಕದ ಸಾಲಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಭಾಗವತರು ಉಸಿರು ತೆಗೆಯಲು ನಿಂತರೂ ಅದು ನಿಲ್ಲುವುದಿಲ್ಲ. ಕುಣಿತ ಭಜನೆಯಲ್ಲೂ ಅಷ್ಟೇ, ಸಣ್ಣ ಮಗುವಿನ ಹೆಜ್ಜೆ ಹಿಂದೆ ಬಿದ್ದರೆ ತಾಳದವರು ಸುಧಾರಿಸಿಕೊಳ್ಳುತ್ತಾರೆ, ಫೋನ್ ಸುಧಾರಿಸಿಕೊಳ್ಳುವುದಿಲ್ಲ.

ಹಾಗಾಗಿ ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡಲು, ತಾಳದ ಲೆಕ್ಕ ಕಣ್ಣಿಗೆ ಕಾಣುವಂತೆ ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಸಾಧನ. ರಂಗಸ್ಥಳಕ್ಕೆ ಬದಲಿ ಅಲ್ಲ.

ನಮ್ಮ ತೀರ್ಮಾನ

‘ಎಐ ತಾನೇ ಬಾರಿಸುತ್ತದೆ, ಕಲಾವಿದರು ಬೇಡ’: ಸುಳ್ಳು. ‘ನಮ್ಮ ತಾಳ ಕಂಪ್ಯೂಟರಿನಲ್ಲಿ ಕೂರುವುದಿಲ್ಲ’: ಇದೂ ಸುಳ್ಳು. ಉದ್ದ ಬದಲಿಸಿದರೆ ಕೂರುತ್ತದೆ.

ಇನ್ನು ಮುಂದೆ ಯಾರಾದರೂ ಅಭ್ಯಾಸದ ಟ್ರ್ಯಾಕ್ ಕಳಿಸಿದರೆ ಗ್ರೂಪಿಗೆ ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಕೈಯಲ್ಲಿ ತಾಳ ಹಾಕಿ ನೋಡಿ. ಏಳು ಬರಬೇಕಾದಲ್ಲಿ ಎಂಟು ಬಂದರೆ ಕಳಿಸಿದವರಿಗೆ ತಿಳಿಸಿ, ಅಲ್ಲಿಗೇ ನಿಲ್ಲಿಸಿ.