ನಳಕ್ಕೂ ಹತ್ತು ದಿನ, ಸೊಳ್ಳೆಗೂ ಹತ್ತು ದಿನ

ನರಗುಂದ, ರೋಣ, ಗಜೇಂದ್ರಗಡ ಕಡೆಯ ಯಾವ ಕಾಲೇಜು ಹುಡುಗನನ್ನು ಕೇಳಿದರೂ ಡೆಂಗಿ ಬಗ್ಗೆ ಪಟಪಟನೆ ಹೇಳುತ್ತಾನೆ. ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಮನೆಯೊಳಗೆ ತುಂಬಿಟ್ಟ ತಿಳಿನೀರಲ್ಲೂ ಬೆಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎಷ್ಟೋ ರೂಮುಗಳಲ್ಲಿ ನೀರಿನ ಬ್ಯಾರಲ್ ಬಾಯಿ ತೆರೆದೇ ಇರುತ್ತದೆ. ಹಾಗಾದರೆ ತಿಳಿವಳಿಕೆ ಸಾಲದೇ?

ಈ ಪ್ರಶ್ನೆ ಹಳೆಯದು. ಅಮೆರಿಕದಲ್ಲಿ ಕ್ಷಯರೋಗ ಪತ್ತೆ ಮಾಡುವ ಉಚಿತ ಎಕ್ಸ್‌ರೇ ವಾಹನ ಓಣಿಗೇ ಬಂದರೂ ಬಹಳ ಜನ ಅದರತ್ತ ಸುಳಿಯಲಿಲ್ಲ. ಕಾರಣ ಹುಡುಕಲು ಹೊರಟ ಮನಃಶಾಸ್ತ್ರಜ್ಞರು 1950ರ ದಶಕದಲ್ಲಿ ಒಂದು ಸರಳ ವಿವರಣೆ ಕೊಟ್ಟರು. ರೋಗ ನನಗೂ ಬರಬಹುದು, ಬಂದರೆ ಕಷ್ಟ, ತಡೆದರೆ ಲಾಭ, ತಡೆಯುವುದು ದೊಡ್ಡ ತ್ರಾಸಲ್ಲ ಎಂದು ಅನಿಸಿದರೆ ಮನುಷ್ಯ ಎದ್ದು ಕೆಲಸ ಮಾಡುತ್ತಾನೆ.

ನಮ್ಮ ವಯಸ್ಸಿನವರು ಮೊದಲನೆಯದರಲ್ಲೇ ಎಡವುತ್ತೇವೆ. ‘ನಮಗೇನ್ ಆಗ್ತೈತಿ ಬಿಡಲೇ’ ಎನ್ನುವುದು ಇಪ್ಪತ್ತರ ಮಾತು. ಕಳೆದ ಮಳೆಗಾಲದಲ್ಲಿ ಗಜೇಂದ್ರಗಡದ ನನ್ನ ಗೆಳೆಯನಿಗೆ ಡೆಂಗಿ ಬಂತು. ಎರಡು ಇಂಟರ್ನಲ್ಸ್ ತಪ್ಪಿದವು. ಅವನ ಅವ್ವ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕುಳಿತರು. ಗೋಡೆಯ ಮೇಲಿನ ಪೋಸ್ಟರ್ ಮಾಡದ ಕೆಲಸವನ್ನು ಆ ಎರಡು ಇಂಟರ್ನಲ್ಸ್ ಮಾಡಿದವು. ಸಾವಿನ ಭಯಕ್ಕಿಂತ ಸೆಮಿಸ್ಟರ್ ಕೈತಪ್ಪುವ ಭಯ ನಮಗೆ ಹತ್ತಿರದ್ದು.

ಆದರೆ ಭಯ ಹುಟ್ಟಿದರೂ ‘ತ್ರಾಸು’ ಉಳಿಯುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಒಣಗಿಸಿ ಎನ್ನುತ್ತಾರೆ. ಬೇಸಿಗೆಯಲ್ಲಿ ವಾರ, ಹತ್ತು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ತುಂಬಿಟ್ಟ ನೀರನ್ನು ಯಾವ ತಾಯಿ ಚೆಲ್ಲುತ್ತಾಳೆ? ಮೊಟ್ಟೆ ಸೊಳ್ಳೆಯಾಗಲು ಬೇಕಾದದ್ದೂ ಹೆಚ್ಚುಕಡಿಮೆ 8ರಿಂದ 10 ದಿನ. ಇದನ್ನು ಬರೀ ಸೋಮಾರಿತನ ಎನ್ನಲಾಗದು.

ಅದಕ್ಕೆ ಚೆಲ್ಲದೆ ಮುಚ್ಚುವ ದಾರಿ ಬೇಕು. ಗೆಳೆಯ ಗುಣವಾಗಿ ಬಂದ ಮೇಲೆ ರೋಣದ ರೂಮ್‌ಮೇಟ್ ಹಳೆಯ ಧೋತರದ ತುಂಡನ್ನು ಬ್ಯಾರಲ್ ಬಾಯಿಗೆ ಹಾಸಿ, ಸೈಕಲ್ ಟ್ಯೂಬಿನಿಂದ ಬಿಗಿದ. ಖರ್ಚು ಸೊನ್ನೆ. ನಳ ಬಂದ ದಿನ, ತುಂಬುವ ಮೊದಲು ಒಳಗೋಡೆ ತಿಕ್ಕುತ್ತೇವೆ. ಯಾಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಅವನನ್ನು ನೋಡಿ ಪಕ್ಕದ ರೂಮಿನವರೂ ಕಟ್ಟಿದರು. ಅವರಿಗೆ ಯಾರೂ ಭಾಷಣ ಮಾಡಿರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ದಂಡ ಇರಲಿ. ಆದರೆ ದಂಡ ಹಾಕುವವರು ದಿನಾ ಬರುವುದಿಲ್ಲ, ರೂಮ್‌ಮೇಟ್ ದಿನಾ ಇರುತ್ತಾನೆ.

ಪರೀಕ್ಷೆಗೋ ನೇಮಕಾತಿಗೋ ರೂಮು ಹಿಡಿದು ಓದುತ್ತಿರುವ ಗೆಳೆಯರೇ, ಮುಂದಿನ ಸಲ ನೀರು ತುಂಬಿದಾಗ ಒಂದು ತುಂಡು ಬಟ್ಟೆ ಕಟ್ಟಿ. ರೂಮಿನಲ್ಲಿ ಒಬ್ಬರು ಶುರು ಮಾಡಿದರೆ ಸಾಕು.