ಮೊದಲು ತೇಲು, ಆಮೇಲೆ ಈಜು

ಮಕ್ಕಳೇ, ಕಲಬುರಗಿಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ, ರೋಜಾದ ಓಣಿಗಳಲ್ಲಿ ಆಡುವ ಮಕ್ಕಳಿಗೂ ಕಮಲಾಪುರದ ಹೊಲಗಳಲ್ಲಿ ಓಡಾಡುವ ಮಕ್ಕಳಿಗೂ ನೀರಿಗಿಳಿಯುವ ಆಸೆ. ಆದರೆ ನೀರು ತಂಪೂ ಹೌದು, ಅಪಾಯವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದಕ್ಕೇ ಶಾಲಾ ಮಕ್ಕಳಿಗೆ ಈಜು ಕಲಿಸಬೇಕೆಂದು ಆ ಸಂಸ್ಥೆ ಹೇಳುತ್ತದೆ.

ಈಜಿನ ಮೊದಲ ಪಾಠ ಯಾವುದು? ಕೈಕಾಲು ಬಡಿಯುವುದೇ? ಅಲ್ಲ, ತೇಲುವುದು.

ನಾವು ತೇಲುವುದು ಹೇಗೆ?

ಬಾವಿಯಲ್ಲಿ ಕೊಡ ನೀರೊಳಗೆ ಇರುವವರೆಗೆ ಹಗುರ, ಹೊರಗೆ ಬಂದೊಡನೆ ಭಾರ. ನೀರು ತನ್ನೊಳಗಿನ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಆ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕವೇ ಈ ತಳ್ಳುವ ಬಲ. ಸುಮಾರು 2200 ವರ್ಷಗಳ ಹಿಂದೆ ಇದನ್ನು ಹೇಳಿದವನು ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್.

ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹತ್ತು ವರ್ಷದ ಮಗು ಒಮ್ಮೆ ಪೂರ್ತಿ ಉಸಿರೆಳೆದರೆ ಸುಮಾರು 2 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಎದೆ ಹಿಗ್ಗುತ್ತದೆ, ಇನ್ನೂ 2 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಒಂದು ಲೀಟರ್ ನೀರಿನ ತೂಕ 1 ಕಿಲೋ. ಅಂದರೆ ಮೇಲಕ್ಕೆ ತಳ್ಳುವ ಬಲ 2 ಕಿಲೋ ಹೆಚ್ಚಾಯಿತು. ಹೆಚ್ಚಿನವರು ತೇಲಲು ಇಷ್ಟು ಸಾಕು.

ಮಾಡಿ ನೋಡಿ: ಸಿಪ್ಪೆಯಿರುವ ಕಿತ್ತಳೆ ಹಣ್ಣನ್ನು ಬಕೆಟ್ ನೀರಿಗೆ ಹಾಕಿ. ತೇಲುತ್ತದೆ. ಸಿಪ್ಪೆ ಸುಲಿದು ಹಾಕಿ. ಮುಳುಗುತ್ತದೆ. ಹಣ್ಣು ಹಗುರವಾಯಿತು, ಆದರೂ ಮುಳುಗಿತು! ಏಕೆಂದರೆ ಸಿಪ್ಪೆಯಲ್ಲಿದ್ದ ಗಾಳಿ ಹೋಯಿತು.

ಹಾಗಾದರೆ ಜನ ಮುಳುಗುವುದೇಕೆ?

ಗಾಬರಿಯಾದವರು ಕೈಗಳನ್ನು ಮೇಲೆತ್ತುತ್ತಾರೆ. ನೀರಿನಿಂದ ಹೊರಗೆ ಬಂದ ಕೈಯನ್ನು ನೀರು ಹೊರುವುದಿಲ್ಲ. ಆ ಭಾರ ದೇಹವನ್ನು ಕೆಳಗೆ ಒತ್ತುತ್ತದೆ. ಕೂಗಿದರೆ ಎದೆಯ ಗಾಳಿಯೂ ಖಾಲಿ. ಆದ್ದರಿಂದ ಬೆನ್ನ ಮೇಲೆ ಮಲಗಿ, ಕಿವಿ ನೀರಿನಲ್ಲಿರಲಿ, ಮುಖ ಆಕಾಶಕ್ಕಿರಲಿ, ಕೈಗಳು ನೀರಿನೊಳಗೇ ಚಾಚಿರಲಿ. ಉಸಿರನ್ನು ನಿಧಾನ ಬಿಟ್ಟು, ಬೇಗ ತುಂಬಿಕೊಳ್ಳಿ. ಕಾಲು ತುಸು ಕೆಳಗಿಳಿದರೆ ಹೆದರಬೇಡಿ.

ಕಲಿಯುವ ಕ್ರಮವೂ ಹೀಗೆಯೇ: ಸೊಂಟದ ಮಟ್ಟದ ನೀರಿನಲ್ಲಿ ಮುಖ ಅದ್ದಿ ಗುಳ್ಳೆ ಬಿಡುವುದು, ತೇಲುವುದು, ಕಾಲು ಬಡಿಯುವುದು, ಕೊನೆಗೆ ಕೈ. ಹಳ್ಳಿಗಳಲ್ಲಿ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆ ಅಥವಾ ಬೆಂಡು ಕಟ್ಟಿ ಈಜು ಕಲಿಸುತ್ತಿದ್ದರು. ಅವುಗಳೊಳಗಿನ ಗಾಳಿಯೇ ತೇಲಿಸುತ್ತಿದ್ದುದು. ಆದರೆ ಕಟ್ಟಿದ್ದು ಬಿಚ್ಚಬಹುದು, ಟ್ಯೂಬು ಜಾರಬಹುದು. ಈಜು ಬಲ್ಲ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರಲೇಬೇಕು.

ಗಣಿಯ ನೀರು ಬೇಡ

ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ನಮ್ಮ ಜಿಲ್ಲೆಯದೇ ಸುಣ್ಣಕಲ್ಲು. ಕಲ್ಲು ತೆಗೆದಲ್ಲಿ ಗುಂಡಿ ಉಳಿಯುತ್ತದೆ, ಮಳೆಗೆ ತುಂಬುತ್ತದೆ. ಕೆರೆಯ ದಡ ಮೆಲ್ಲಗೆ ಇಳಿಜಾರಾಗಿರಬಹುದು. ಗಣಿಯ ಅಂಚು ಗೋಡೆಯಂತೆ ನೇರ. ಒಂದು ಹೆಜ್ಜೆಗೆ ಮೊಣಕಾಲು ನೀರು, ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು. ಮೇಲೆ ಹತ್ತಲು ಹಿಡಿತವೂ ಸಿಗದು. ಈಜು ಬಂದವರೂ ಅಲ್ಲಿ ಇಳಿಯಬಾರದು.

ಗೆಳೆಯ ಮುಳುಗುತ್ತಿದ್ದರೆ ನೀವು ಹಾರಬೇಡಿ. ಗಾಬರಿಯಾದವನು ನಿಮ್ಮನ್ನೇ ತಬ್ಬಿ ಹಿಡಿಯುತ್ತಾನೆ, ಇಬ್ಬರೂ ಮುಳುಗುವಿರಿ. ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ. ದಡದಲ್ಲೇ ಮಲಗಿ ಉದ್ದನೆಯ ಕೋಲು ಚಾಚಿ, ಇಲ್ಲವೇ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಿರಿ. 112ಕ್ಕೆ ಅಥವಾ ಆಂಬುಲೆನ್ಸಿಗಾಗಿ 108ಕ್ಕೆ ಫೋನ್ ಮಾಡಿಸಿ.

ಎಸೆದ ಆ ಖಾಲಿ ಕ್ಯಾನು ಒಬ್ಬ ಹುಡುಗನನ್ನು ಹೇಗೆ ತೇಲಿಸಬಲ್ಲದು? ಉತ್ತರ ಈಗ ನಿಮಗೆ ಗೊತ್ತು. ನಾಳೆ ತರಗತಿಯಲ್ಲಿ ನಿಮ್ಮ ಗೆಳೆಯರಿಗೆ ವಿವರಿಸಿ.