ಪುಟ್ಟ ಮಕ್ಕಳ ಜೊತೆ ಕ್ರೂಸ್ ಹೋಗ್ಬೇಕಾ? ರೇಟ್ ನೋಡೋ ಮೊದಲು ಮಗುವಿನ ವಯಸ್ಸು ನೋಡಿ

ಕೆಲವು ವಾರಗಳಿಂದ ನನಗೆ ಬರ್ತಿರೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಮನೇಲಿ ಸಣ್ಣ ಮಕ್ಕಳಿದ್ದಾರೆ, ರಜೆಗೆ ಕ್ರೂಸ್ ಬುಕ್ ಮಾಡೋಣ ಅಂತಿದೀವಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೆ?"

ನನ್ನ ಉತ್ತರ ಒಂದೇ ಸಾಲಿನದ್ದು. ಮಗುವಿಗೆ 3 ವರ್ಷ ತುಂಬಿದ್ದು, ಡೈಪರ್ ಬಿಟ್ಟಿದ್ದರೆ ಆರಾಮಾಗಿ ಹೋಗಿ. ಅದಕ್ಕಿಂತ ಚಿಕ್ಕದಿದ್ದರೆ ಇನ್ನೊಂದು ಸಲ ಯೋಚನೆ ಮಾಡಿ. ಯಾಕೆ ಅಂತ ಈ ಎಪಿಸೋಡ್‌ನಲ್ಲಿ ಬಿಡಿಸಿ ಹೇಳ್ತೀನಿ. ಹಣದ ಲೆಕ್ಕ ಹೇಳ್ತೀನಿ, ಸುರಕ್ಷತೆಯ ವಿಷಯವನ್ನೂ ಹೇಳ್ತೀನಿ. ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕ ಸ್ವಲ್ಪ ಜಾಸ್ತಿನೇ ಇರುತ್ತೆ, ಸಹಿಸಿಕೊಳ್ಳಿ.

ನಾವು ಎಲ್ಲಿಂದ ಹತ್ತಬಹುದು?

ನವಮಂಗಳೂರು ಬಂದರಿಗೆ ಪ್ರತಿ ಸೀಸನ್‌ನಲ್ಲೂ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಪ್ರವಾಸಿಗರು ಇಳಿದು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ವಾಪಸ್ ಹೋಗ್ತಾರೆ. ಅದು ಅವರ ದಾರಿಯ ಒಂದು ನಿಲ್ದಾಣ ಅಷ್ಟೆ. ಕರ್ನಾಟಕದ ಕುಟುಂಬಗಳು ಸಾಮಾನ್ಯವಾಗಿ ಹಿಡಿಯೋ ದಾರಿ ಎರಡು.

ಒಂದು, ದೇಶದೊಳಗಿನದ್ದು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕ್ರೂಸಸ್ 'ಎಂಪ್ರೆಸ್' ಹಡಗನ್ನು ಮುಂಬೈನಿಂದ ಶುರು ಮಾಡಿತು. 1990ರಲ್ಲಿ ಸೇವೆಗೆ ಬಂದ ಈ ಹಡಗು ಮೊದಲು ರಾಯಲ್ ಕೆರಿಬಿಯನ್ ಕಂಪನಿಯದ್ದಾಗಿತ್ತು. ಮುಂಬೈ–ಗೋವಾ, ಮುಂಬೈ–ಲಕ್ಷದ್ವೀಪ ಇದರ ಹೆಸರುವಾಸಿ ಮಾರ್ಗಗಳು. ಇನ್ನೊಂದು, ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಪೆನಾಂಗ್ ಅಥವಾ ಫುಕೆಟ್ ಕಡೆ 3–4 ರಾತ್ರಿ ಹಡಗಿನಲ್ಲಿ ಕಳೆಯೋದು.

ನಾನು ಹೋಗಿದ್ದು ಎರಡನೇ ಥರದ್ದಕ್ಕೆ. ಅಕ್ಕ, ಭಾವ, ಅಮ್ಮ, ನಾನು, ಜೊತೆಗೆ ಅಕ್ಕನ ಇಬ್ಬರು ಮಕ್ಕಳು. ದೊಡ್ಡವಳಿಗೆ ನಾಲ್ಕೂವರೆ ವರ್ಷ, ಚಿಕ್ಕವನಿಗೆ 14 ತಿಂಗಳು. ಅಕ್ಕ ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು ಅದು. ಹಾಗಾಗಿ ಪ್ರತಿ ರೂಪಾಯಿಗೂ ಲೆಕ್ಕ ಇಟ್ಟಿದ್ದೆ. ಮೂರು ರಾತ್ರಿ ಒಂದೇ ಹಡಗು, ಒಂದೇ ಊಟ. ಆದರೆ ಇಬ್ಬರು ಮಕ್ಕಳಿಗೆ ಸಿಕ್ಕಿದ್ದು ಮಾತ್ರ ಎರಡು ಬೇರೆ ಬೇರೆ ರಜೆ.

ವಯಸ್ಸಿನ ಲೆಕ್ಕ

ಬಹುತೇಕ ಕ್ರೂಸ್ ಕಂಪನಿಗಳು 6 ತಿಂಗಳಿಗಿಂತ ಚಿಕ್ಕ ಕೂಸನ್ನು ಹತ್ತಿಸಿಕೊಳ್ಳೋದೇ ಇಲ್ಲ. ಸತತವಾಗಿ ತುಂಬಾ ದಿನ ಸಮುದ್ರದಲ್ಲೇ ಇರೋ ದೂರದ ಯಾನ ಆದರೆ ಈ ಮಿತಿ 12 ತಿಂಗಳು. ಬುಕ್ ಮಾಡೋ ದಿನದ ವಯಸ್ಸಲ್ಲ, ಹಡಗು ಹೊರಡೋ ದಿನದ ವಯಸ್ಸು ಲೆಕ್ಕಕ್ಕೆ ಬರೋದು.

6 ತಿಂಗಳಿಂದ 3 ವರ್ಷದವರೆಗಿನ ಮಕ್ಕಳ ವಿಷಯದಲ್ಲೇ ಜಾಹೀರಾತು ಮತ್ತು ವಾಸ್ತವದ ನಡುವೆ ದೊಡ್ಡ ಅಂತರ ಇರೋದು. ರೀಲ್ಸ್‌ನಲ್ಲಿ ನೀವು ನೋಡೋ ಕಿಡ್ಸ್ ಕ್ಲಬ್‌ಗೆ ಸಾಮಾನ್ಯವಾಗಿ 3 ವರ್ಷ ತುಂಬಿರಬೇಕು, ಮಗುವಿಗೆ ಟಾಯ್ಲೆಟ್ ಅಭ್ಯಾಸ ಆಗಿರಬೇಕು. ಡೈಪರ್ ಹಾಕಿದ ಮಗುವನ್ನು ಪೂಲ್‌ಗೂ ಬಿಡಲ್ಲ. ನೀರಿಗೆ ಅಂತಲೇ ಬರೋ ಸ್ವಿಮ್ ಡೈಪರ್ ಹಾಕಿದರೂ ಬಹಳಷ್ಟು ಹಡಗುಗಳಲ್ಲಿ ಅದೇ ನಿಯಮ. ಒಂದು ಮಗುವಿಗೆ ಭೇದಿ ಇದ್ದರೂ ಪೂಲ್ ನೀರಿನ ಮೂಲಕ ನೂರಾರು ಜನರಿಗೆ ಸೋಂಕು ಹರಡಬಹುದು, ಕಾರಣ ಅಷ್ಟೆ.

ಇದರ ಅರ್ಥ ಏನು? ಇಡೀ ದಿನ ಒಬ್ಬ ದೊಡ್ಡವರು ಡ್ಯೂಟಿ ಮೇಲೆ ಇರಲೇಬೇಕು. ದೊಡ್ಡವಳು ಕ್ಲಬ್‌ನಲ್ಲಿ ಬಣ್ಣ ಬಳಿಯುತ್ತಾ ಖುಷಿಯಾಗಿದ್ದಳು. ಚಿಕ್ಕವನಿಗೆ ಸಿಕ್ಕಿದ್ದು ಕಾರಿಡಾರ್, ಲಿಫ್ಟ್ ಮತ್ತು ಕ್ಯಾಬಿನ್. ಅಮ್ಮ ಜೊತೆಗಿದ್ದಿದ್ದಕ್ಕೆ ಅಕ್ಕ-ಭಾವ ಒಂದು ಶೋ ಪೂರ್ತಿ ಕೂತು ನೋಡಿದರು. ಅಜ್ಜಿಯೋ, ಚಿಕ್ಕಮ್ಮನೋ, ಮೂರನೇ ದೊಡ್ಡವರು ಜೊತೆಗಿಲ್ಲ ಅಂದರೆ ಗಂಡ-ಹೆಂಡತಿ ಪಾಳಿ ಹಾಕ್ಕೊಂಡು ರಜೆ ಮುಗಿಸಬೇಕಾಗುತ್ತೆ.

3ರಿಂದ 11 ವರ್ಷದ ಮಕ್ಕಳಿಗೆ ಮಾತ್ರ ಕ್ರೂಸ್ ನಿಜವಾಗಲೂ ಚೆನ್ನಾಗಿರುತ್ತೆ. ಒಂದು ಸಲ ಬ್ಯಾಗ್ ಬಿಚ್ಚಿಟ್ಟರೆ ಮುಗೀತು. ದಿನಾ ಹೋಟೆಲ್ ಬದಲಾಯಿಸೋದಿಲ್ಲ, ಟ್ಯಾಕ್ಸಿ ಹುಡುಕೋದಿಲ್ಲ, ಊಟಕ್ಕೆ ಅಲೆಯೋದಿಲ್ಲ.

'ಮಕ್ಕಳಿಗೆ ಉಚಿತ' ಅಂದ್ರೆ ಎಷ್ಟು?

ಕ್ರೂಸ್ ದರ ಹೇಳೋದು ತಲಾ ಲೆಕ್ಕದಲ್ಲಿ, ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಹಿಡಿದು. ಅದೇ ಕ್ಯಾಬಿನ್‌ನಲ್ಲಿ ಮಲಗೋ ಮೂರನೇ, ನಾಲ್ಕನೇ ವ್ಯಕ್ತಿಗೆ ರೇಟ್ ಕಡಿಮೆ, ಕೆಲವು ಆಫರ್‌ಗಳಲ್ಲಿ ಸೊನ್ನೆ. ಆದರೆ ಸೊನ್ನೆ ಆಗೋದು ಮೂಲ ದರ ಮಾತ್ರ.

ಸುಲಭಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮೂರು ರಾತ್ರಿ, ತಲೆಗೆ 20,000 ರೂಪಾಯಿ, ಇಬ್ಬರು ಮಕ್ಕಳಿಗೆ ಉಚಿತ. ಅಪ್ಪ-ಅಮ್ಮನಿಗೆ 40,000. ಬಂದರು ಶುಲ್ಕ ತಲೆಗೆ 5,000 ಅಂದುಕೊಂಡರೆ ನಾಲ್ವರಿಗೆ 20,000. ಸಿಬ್ಬಂದಿಗೆ ಹೋಗೋ ಗ್ರ್ಯಾಚುಟಿ, ಅಂದರೆ ಕಡ್ಡಾಯ ಟಿಪ್ ಥರದ್ದು, ತಲೆಗೆ ರಾತ್ರಿಗೆ 1,000 ಅಂತ ಹಿಡಿದರೆ 12,000. ಒಟ್ಟು 72,000, ತೆರಿಗೆ ಬೇರೆ. 'ಉಚಿತ'ವಾಗಿ ಬಂದ ಇಬ್ಬರು ಮಕ್ಕಳ ಪಾಲೇ ಇದರಲ್ಲಿ 16,000! ಕೆಲವು ಕಂಪನಿಗಳು ಕೂಸಿಗೆ ಟಿಪ್ ಹಾಕಲ್ಲ, ಅದನ್ನು ಕೇಳಿ ತಿಳ್ಕೊಳ್ಳಿ.

ಇನ್ನೊಂದು ವಿಷಯ ಗೊತ್ತಿರಲಿ. ತೊಡೆ ಮೇಲಿನ ಕೂಸು ಕೂಡ ಹಡಗಿನ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕ. ಲೈಫ್‌ಬೋಟ್‌ನ ಸಾಮರ್ಥ್ಯ ತಲೆ ಎಣಿಸಿಯೇ ನಿರ್ಧಾರ ಆಗೋದು. ಹಾಗಾಗಿ ನಾಲ್ವರ ಕ್ಯಾಬಿನ್‌ನಲ್ಲಿ ನಾಲ್ಕು ಜನ ದೊಡ್ಡವರು ಮತ್ತು ಒಂದು ಕೂಸು ಅನ್ನೋ ಅಡ್ಜಸ್ಟ್‌ಮೆಂಟ್ ನಡೆಯಲ್ಲ.

ಹಡಗು ಹತ್ತಿದ ಮೇಲಿನ ಖರ್ಚು ಬೇರೆ. ವೈಫೈ, ಸ್ಪೆಷಲ್ ರೆಸ್ಟೋರೆಂಟ್, ಫೋಟೋ, ಗೇಮ್ಸ್, ದಡದ ಟೂರ್, ಎಲ್ಲಕ್ಕೂ ದುಡ್ಡು. ಇದು ಉದ್ಯಮದ ಸಣ್ಣ ಪುಟ್ಟ ಆದಾಯ ಅಲ್ಲ. 2023ರಲ್ಲಿ ರಾಯಲ್ ಕೆರಿಬಿಯನ್ ಗ್ರೂಪ್‌ನ ಒಟ್ಟು ಆದಾಯ ಸುಮಾರು 1,390 ಕೋಟಿ ಡಾಲರ್. ಅದರಲ್ಲಿ ಸುಮಾರು 430 ಕೋಟಿ, ಅಂದರೆ ನೂರಕ್ಕೆ 31ರಷ್ಟು, ಟಿಕೆಟ್ ಬಿಟ್ಟು ಹಡಗಿನೊಳಗಿನ ಖರ್ಚು ಮತ್ತು ಇತರೆ ಬಾಬ್ತಿನಿಂದ ಬಂದಿದ್ದು. ಟಿಕೆಟ್ ಅಗ್ಗ ಕಾಣೋದಕ್ಕೆ ಇದೂ ಒಂದು ಕಾರಣ. ಕ್ಯಾಬಿನ್ ಕಾರ್ಡ್ ಸ್ವೈಪ್ ಮಾಡೋವಾಗ ದುಡ್ಡು ಕೊಟ್ಟ ಹಾಗೇ ಅನ್ನಿಸಲ್ಲ. ಮಕ್ಕಳ ಕಾರ್ಡ್‌ನಲ್ಲಿ ಖರೀದಿ ಸೌಲಭ್ಯ ಮೊದಲ ದಿನವೇ ಬಂದ್ ಮಾಡಿಸಿ.

ವಿದೇಶಿ ಪ್ಯಾಕೇಜ್ ಆದರೆ ಏಜೆಂಟ್ ಟಿಸಿಎಸ್ ಹಿಡಿಯುತ್ತಾರೆ. ದರ ಬಜೆಟ್ ಪ್ರಕಾರ ಬದಲಾಗ್ತಾ ಇರುತ್ತೆ. ಆದರೆ ಅದು ಹೋದ ದುಡ್ಡಲ್ಲ, ಐಟಿ ರಿಟರ್ನ್ ಫೈಲ್ ಮಾಡೋವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ರೀಫಂಡ್ ಪಡೀಬಹುದು. ಸರ್ಟಿಫಿಕೇಟ್ ತಗೊಳ್ಳೋದು ಮರೀಬೇಡಿ.

ಡ್ರಿಲ್ ತಪ್ಪಿಸ್ಬೇಡಿ

ಕ್ರೂಸ್ ಹಡಗನ್ನು 'ತೇಲುವ ಹೋಟೆಲ್' ಅಂತ ಮಾರ್ತಾರೆ. ಮಕ್ಕಳ ಜೊತೆ ಹೋಗೋರು ಅದನ್ನು ಮೊದಲು ಹಡಗು ಅಂತ ನೋಡ್ಬೇಕು.

2012ರ ಜನವರಿ 13ರಂದು ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅದೇ ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಅಷ್ಟರಲ್ಲಿ ಸುರಕ್ಷತಾ ಡ್ರಿಲ್ ಆಗಿರಲೇ ಇಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತಿತ್ತು. 2015ರಿಂದ ಅದು ಬದಲಾಯಿತು. ಈಗ ಹಡಗು ಹೊರಡೋ ಮೊದಲು ಅಥವಾ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು.

ಹಲವು ಹಡಗುಗಳಲ್ಲಿ ಈಗ ಅರ್ಧ ಡ್ರಿಲ್ ಮೊಬೈಲ್ ವಿಡಿಯೋದಲ್ಲೇ ಮುಗಿಯುತ್ತೆ. ಆಮೇಲೆ ನಿಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ಅಪಾಯ ಬಂದಾಗ ಸೇರಬೇಕಾದ ಜಾಗಕ್ಕೆ, ಹೋಗಿ ಹಾಜರಿ ಹಾಕಬೇಕು. ವಿಡಿಯೋ ಓಡಿಸಿ ಸ್ಕಿಪ್ ಮಾಡ್ಬೇಡಿ. ಕ್ಯಾಬಿನ್‌ನಿಂದ ಆ ಜಾಗಕ್ಕೆ ಮಗುವನ್ನೂ ಕರ್ಕೊಂಡು ಮೆಟ್ಟಿಲಲ್ಲೇ ನಡೆದು ನೋಡಿ. ಏಳು ಚಿಕ್ಕ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಅದು ತುರ್ತು ಸೂಚನೆ.

ಲೈಫ್ ಜಾಕೆಟ್ ವಿಷಯ ತುಂಬಾ ಮುಖ್ಯ. ಅಂತರರಾಷ್ಟ್ರೀಯ ನಿಯಮದಲ್ಲಿ 15 ಕೆಜಿಗಿಂತ ಕಡಿಮೆ ತೂಕದ ಕೂಸಿಗೆ ಒಂದು ಅಳತೆ, 15ರಿಂದ 43 ಕೆಜಿ ಮಕ್ಕಳಿಗೆ ಇನ್ನೊಂದು. ದೊಡ್ಡವರ ಜಾಕೆಟ್‌ನಲ್ಲಿ ಮಗು ಜಾರಿ ಹೋಗುತ್ತೆ. ಕ್ಯಾಬಿನ್‌ನಲ್ಲಿ ಇರೋದು ಹೆಚ್ಚಾಗಿ ದೊಡ್ಡವರದ್ದು. ಹಾಗಾಗಿ ಹತ್ತಿದ ಕೂಡಲೇ, ತೂಕ ಹೇಳಿ, ಮಕ್ಕಳ ಜಾಕೆಟ್ ಎಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿ.

ಪೂಲ್ ಹತ್ತಿರ ಲೈಫ್‌ಗಾರ್ಡ್ ಎಲ್ಲ ಹಡಗುಗಳಲ್ಲೂ ಇರಲ್ಲ. ಇದ್ದರೂ ಮಗು ಕೈಗೆಟಕುವಷ್ಟು ಹತ್ತಿರದಲ್ಲಿ ನೀವಿರಿ, ಫೋನ್ ಒಳಗಿರಲಿ. ಬಾಲ್ಕನಿ ಕ್ಯಾಬಿನ್ ತಗೊಂಡರೆ ಕುರ್ಚಿಯನ್ನು ಕಂಬಿ ಪಕ್ಕ ಇಡಬೇಡಿ. ಕ್ಯಾಬಿನ್ ಬಾಗಿಲು ಭಾರ, ತಾನಾಗೇ ಮುಚ್ಚಿಕೊಳ್ಳುತ್ತೆ, ಪುಟ್ಟ ಬೆರಳುಗಳ ಮೇಲೆ ಕಣ್ಣಿರಲಿ. ಸಣ್ಣ ಮಕ್ಕಳಿದ್ದಾಗ ನನ್ನ ಆಯ್ಕೆ ಬಾಲ್ಕನಿ ಅಲ್ಲ, ಕೆಳಗಿನ ಡೆಕ್‌ನ ಮಧ್ಯ ಭಾಗದ ಕ್ಯಾಬಿನ್. ಬೆಲೆ ಕಡಿಮೆ, ಓಲಾಟವೂ ಕಡಿಮೆ.

ವಾಂತಿ, ಸೋಂಕು, ಊಟ

2ರಿಂದ 12 ವರ್ಷದ ಮಕ್ಕಳಿಗೆ ಪ್ರಯಾಣದ ವಾಂತಿ ಜಾಸ್ತಿ. ಮೆಡಿಕಲ್ ಶಾಪ್‌ನಲ್ಲಿ ಬಸ್ ಪ್ರಯಾಣಕ್ಕೆ ಅಂತ ಸುಲಭವಾಗಿ ಸಿಗೋ ಪ್ರೋಮೆಥಜೀನ್ ಮಾತ್ರೆಯನ್ನು 2 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಉಸಿರಾಟಕ್ಕೇ ಅಪಾಯ ಆಗಬಹುದು. ಅರ್ಧ ಮಾತ್ರೆ, ಕಾಲು ಮಾತ್ರೆ ಅಂತ ಮನೆಯಲ್ಲೇ ಲೆಕ್ಕ ಹಾಕ್ಬೇಡಿ. ದೊಡ್ಡ ಮಕ್ಕಳಿಗೂ ಮಕ್ಕಳ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಿ. ಹಡಗಿನಲ್ಲಿ ಡಾಕ್ಟರ್ ಇರ್ತಾರೆ, ಆದರೆ ಸಾಮಾನ್ಯವಾಗಿ ಮಕ್ಕಳ ತಜ್ಞರು ಇರಲ್ಲ, ಬಿಲ್ಲೂ ಬೇರೆ. ಟ್ರಾವೆಲ್ ಇನ್ಶೂರೆನ್ಸ್ ಉಳಿಸೋಕೆ ಹೋಗ್ಬೇಡಿ.

ಹಡಗಿನಲ್ಲಿ ಹರಡೋ ವಾಂತಿ-ಭೇದಿಗೆ ಮುಖ್ಯ ಕಾರಣ ನೋರೋವೈರಸ್. ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡಲ್ಲ. ಊಟಕ್ಕೆ ಮೊದಲು ಸೋಪು, ನೀರು, ಅಷ್ಟೇ.

ಊಟದ ವಿಷಯಕ್ಕೆ ಬಂದರೆ, ಬೆಂಕಿ ಭಯದಿಂದ ಕೆಟಲ್, ಇಂಡಕ್ಷನ್ ಒಲೆ ಕ್ಯಾಬಿನ್‌ಗೆ ಬಿಡಲ್ಲ. ಮನೇಲಿ ಮಾಡಿದ ತಿಂಡಿಯನ್ನೂ ಹೆಚ್ಚಿನ ಕಡೆ ತಡೀತಾರೆ. ಸೀಲ್ ಆದ ಬೇಬಿ ಫುಡ್ ಬಿಡ್ತಾರೆ. ಹಾಗಾಗಿ ರಾಗಿ ಸರಿ ಹಿಟ್ಟನ್ನು ಡಬ್ಬಿಗೆ ತುಂಬಿಕೊಂಡು ಹೋಗೋ ಬದಲು ಸೀಲ್ ಪ್ಯಾಕ್ ಒಯ್ಯಿರಿ, ಬಿಸಿನೀರು ರೆಸ್ಟೋರೆಂಟ್‌ನಲ್ಲಿ ಕೇಳಿ.

ಫೋನ್ ಮತ್ತು ಕಾಗದ ಪತ್ರ

ದಡ ಬಿಟ್ಟ ಮೇಲೆ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ಕೈ ಸುಡುತ್ತೆ. ಯೂಟ್ಯೂಬ್ ನೋಡದೆ ತುತ್ತು ನುಂಗದ ಮಗು ಇದ್ದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗಂಡ-ಹೆಂಡತಿ ಒಬ್ಬರಿಗೊಬ್ಬರು ಕಾಲ್ ಮಾಡೋಕೂ ಆಗಲ್ಲ, ಹಾಗಾಗಿ ಸೇರೋ ಜಾಗ ಮೊದಲೇ ಮಾತಾಡಿಕೊಳ್ಳಿ. ದಿನಾ ಬೆಳಗ್ಗೆ, ಅವತ್ತಿನ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೀರಿ. ತಪ್ಪಿಸಿಕೊಂಡರೆ ಸಿಬ್ಬಂದಿಗೆ ತೋರಿಸೋಕೆ.

ಸಿಂಗಾಪುರದಿಂದ ಹಡಗು ಹತ್ತಿದರೆ ನೀವು ದೇಶ ಬಿಟ್ಟು ಮತ್ತೆ ಒಳಗೆ ಬರ್ತೀರಿ. ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ. ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ 5 ವರ್ಷ ಮಾತ್ರ ಅವಧಿ, ಪ್ರಯಾಣದ ಹೊತ್ತಿಗೆ 6 ತಿಂಗಳಾದರೂ ಉಳಿದಿರಬೇಕು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ಸಮುದ್ರದಲ್ಲೇ ಸಣ್ಣ ದೋಣಿಗೆ ಇಳೀಬೇಕು. ಕೂಸನ್ನು ಎತ್ತಿಕೊಂಡು ಅದನ್ನು ಮಾಡೋಕೆ ಧೈರ್ಯ ಇದ್ದರೆ ಮಾತ್ರ ಆ ಮಾರ್ಗ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಮುಂಗಾರು, ಹಾಗಾಗಿ ಏಪ್ರಿಲ್ ರಜೆಯನ್ನೇ ಹಿಡೀರಿ.

ಬುಕ್ ಮಾಡೋ ಮೊದಲು ಏಜೆಂಟ್‌ಗೆ ಕಳಿಸಿ

ಈ ಐದು ಪ್ರಶ್ನೆ ಕಾಪಿ ಮಾಡಿ ವಾಟ್ಸಾಪ್ ಮಾಡಿ. ಉತ್ತರ ಬರವಣಿಗೆಯಲ್ಲೇ ಇರಲಿ.

1. ನನ್ನ ಮಗುವಿನ ವಯಸ್ಸಿಗೆ ಕಿಡ್ಸ್ ಕ್ಲಬ್ ಮತ್ತು ಪೂಲ್ ಎರಡೂ ಸಿಗುತ್ತಾ?
2. ಬಂದರು ಶುಲ್ಕ, ಗ್ರ್ಯಾಚುಟಿ, ತೆರಿಗೆ ಸೇರಿ ನಮ್ಮೆಲ್ಲರ ಒಟ್ಟು ಮೊತ್ತ ಎಷ್ಟು?
3. ಕ್ಯಾಬಿನ್ ಯಾವ ಡೆಕ್, ಯಾವ ಭಾಗ? ಕೂಸಿಗೆ ಪುಟ್ಟ ಮಂಚ ಕೊಡ್ತಾರಾ?
4. ಮಗು ಹುಷಾರು ತಪ್ಪಿ ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್?
5. ದಡಕ್ಕೆ ಇಳಿಯೋದು ನೇರವಾಗಿಯಾ, ಸಣ್ಣ ದೋಣಿಯಲ್ಲಾ?

ಮೊದಲ ಪ್ರಶ್ನೆಗೆ 'ಇಲ್ಲ' ಅಂತ ಬಂದರೆ, ಆ ದುಡ್ಡನ್ನು ಒಂದೆರಡು ವರ್ಷ ಎಫ್‌ಡಿಯಲ್ಲಿ ಇಡಿ. ಬಡ್ಡಿನೂ ಬರುತ್ತೆ, ಮಗುವೂ ಬೆಳೆಯುತ್ತೆ, ಅಷ್ಟು ಹೊತ್ತಿಗೆ ಅದೇ ಹಡಗು ಮಗುವಿಗೂ ರಜೆ ಆಗುತ್ತೆ, ನಿಮಗೂ ಆಗುತ್ತೆ. 'ಹೌದು' ಅಂತ ಬಂದರೆ, ಜಾಕೆಟ್ ಅಳತೆ ಕೇಳಿ ಹತ್ತಿ. ಈ ಎಪಿಸೋಡ್‌ನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ. ಅಲ್ಲಿ ಯಾರೋ ಒಬ್ಬರು ಈಗಾಗಲೇ ಅಡ್ವಾನ್ಸ್ ಕಟ್ಟೋಕೆ ಹೊರಟಿರ್ತಾರೆ. ಮುಂದಿನ ವಾರ ಸಿಗೋಣ, ನಮಸ್ಕಾರ.